ಬಿಟ್ಟದ್ದೆಲ್ಲ ದಾನವೇ?

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಎಂಬ ಆರು ಆವಶ್ಯಕ ಕರ್ಮಗಳಲ್ಲಿ ಗೃಹಸ್ಥನಿಗೆ ಎಲ್ಲಕ್ಕಿಂತ ಸುಲಭವೆಂದು ತೋರುವುದು ದಾನ. ಉಪವಾಸಕ್ಕೆ ದೇಹಬಲ ಬೇಕು, ಸ್ವಾಧ್ಯಾಯಕ್ಕೆ ಬುದ್ಧಿಬಲ ಬೇಕು. ದಾನಕ್ಕಾದರೋ ಕೈಯಲ್ಲಿ ಒಂದು ವಸ್ತುವಿದ್ದರೆ ಸಾಕೆಂದು ನಾವು ತಿಳಿದಿದ್ದೇವೆ. ಶಾಸ್ತ್ರಕಾರರು ಹಾಗೆ ತಿಳಿಯಲಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಲಕ್ಷಣವನ್ನು ಹೇಳುವಾಗ ಎರಡು ಅಂಗಗಳನ್ನು ಕೂಡಿಸಿ ಹೇಳಿದ್ದಾರೆ. ತನ್ನದಾದುದನ್ನು ಬಿಡುವುದು ಒಂದು ಅಂಗ. ಆ ಬಿಡುವಿಕೆ ಅನುಗ್ರಹಕ್ಕಾಗಿ, ಅಂದರೆ ಉಪಕಾರಕ್ಕಾಗಿ ಇರಬೇಕೆಂಬುದು ಇನ್ನೊಂದು ಅಂಗ. ಈ ಉಪಕಾರವು ಕೊಡುವವನಿಗೂ ಕೊಂಡವನಿಗೂ ಸಲ್ಲತಕ್ಕದ್ದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಎರಡು ಅಂಗಗಳೂ ಕೂಡಿದಲ್ಲಿ ದಾನ. ಬಿಡುವುದೊಂದೇ ಇದ್ದು ಉಪಕಾರದ ವಿಚಾರವೇ ಇಲ್ಲದಿದ್ದರೆ ಆ ಕ್ರಿಯೆಗೆ ಬೇರೆ ಹೆಸರನ್ನು ಹುಡುಕಬೇಕಾಗುತ್ತದೆ.

ಇದು ಕೇವಲ ಶಬ್ದಚರ್ಚೆಯೆಂದು ವಾಚಕರು ಭಾವಿಸಬಾರದು. ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಇಂದು ಇಂಗ್ಲೆಂಡು, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ್ದಾರೆ. ಆ ದೇಶಗಳಲ್ಲಿ ಬೀದಿಯ ಬದಿಗೂ ಅಂಗಡಿಗಳ ಮುಂದೆಯೂ ಹಳೆಯ ಬಟ್ಟೆಗಳನ್ನು ಹಾಕುವ ದೊಡ್ಡ ಪೆಟ್ಟಿಗೆಗಳಿರುತ್ತವೆ. ಉಡದೆ ಉಳಿದ ಬಟ್ಟೆ, ಮಕ್ಕಳಿಗೆ ಚಿಕ್ಕದಾದ ಅಂಗಿ, ಬೇಸರ ಬಂದ ಪಾದರಕ್ಷೆ ಎಲ್ಲವನ್ನೂ ಅದರೊಳಗೆ ಹಾಕಿ, ಬಡದೇಶದ ಯಾರಿಗಾದರೂ ಆದೀತೆಂದು ಸಮಾಧಾನ ಪಡುತ್ತಾರೆ. ಊರಿನಲ್ಲಿರುವ ತಂದೆತಾಯಿಗಳು ಇದನ್ನು ಕೇಳಿ ಸಂತೋಷಪಡುತ್ತಾರೆ. ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನ ಹೀಗೆ ಮಾಡಿದರೆ ದಾನದ ಫಲ ಬರುವುದಿಲ್ಲವೇ ಎಂದು ಕೇಳುವವರೂ ಉಂಟು. ಉತ್ತರ ಹೇಳುವ ಮೊದಲು ಆ ವಸ್ತುವಿನ ಬೆನ್ನುಹತ್ತಿ ಹೋಗಿ, ಅದು ಎಲ್ಲಿಗೆ ತಲುಪಿತು, ಅಲ್ಲಿ ಏನು ಮಾಡಿತು ಎಂಬುದನ್ನು ನೋಡಬೇಕು. ಫಲವನ್ನು ನೋಡದೆ ಬೀಜದ ಗುಣವನ್ನು ಹೇಳಲಾಗದು.

ಪೆಟ್ಟಿಗೆಗೆ ಬಿದ್ದ ಬಟ್ಟೆಗಳಲ್ಲಿ ಚೆನ್ನಾಗಿರುವ ಕೆಲವನ್ನು ಧರ್ಮಸಂಸ್ಥೆಗಳು ತಮ್ಮ ಅಂಗಡಿಗಳಲ್ಲಿ ಮಾರಿ, ಬಂದ ಹಣವನ್ನು ಸೇವಾಕಾರ್ಯಗಳಿಗೆ ಬಳಸುತ್ತವೆ. ಅದು ನಿಜವಾದ ಉಪಕಾರವೇ ಸರಿ. ಆದರೆ ಹೀಗೆ ಮಾರಿಹೋಗುವುದು ಬಂದುದರಲ್ಲಿ ಚಿಕ್ಕ ಪಾಲು. ಉಳಿದುದನ್ನು ತೂಕದ ಲೆಕ್ಕದಲ್ಲಿ ವರ್ತಕರಿಗೆ ಮಾರಲಾಗುತ್ತದೆ. ವರ್ತಕರು ಅದನ್ನು ವಿಂಗಡಿಸಿ, ಯಂತ್ರದಿಂದ ಒತ್ತಿ, ಅಂಡಿಗೆಗಳಾಗಿ ಕಟ್ಟಿ ಹಡಗಿಗೆ ಹಾಕುತ್ತಾರೆ. ನಮ್ಮ ದೇಶವೂ ಈ ಹಾದಿಯ ಹೊರಗಿಲ್ಲ. ಪಶ್ಚಿಮ ದೇಶಗಳ ಹಳೆಯ ಬಟ್ಟೆ ಗುಜರಾತಿನ ಕಾಂಡ್ಲಾ ಬಂದರಿಗೆ ಬಂದು, ಅಲ್ಲಿ ವಿಂಗಡಣೆಯಾಗಿ ಮರಳಿ ಆಫ್ರಿಕಕ್ಕೆ ಹೋಗುವುದುಂಟು. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಯ ಉಡುಪುಗಳನ್ನು ಹರಿದು ಎಳೆಯಾಗಿಸಿ, ಮತ್ತೆ ನೂತು, ಅಗ್ಗದ ಕಂಬಳಿ ನೇಯುವುದುಂಟು. ಭೂಕಂಪ ಪ್ರವಾಹಗಳಲ್ಲಿ ಪರಿಹಾರ ಸಂಸ್ಥೆಗಳು ಹಂಚುವ ಕಂಬಳಿಗಳಲ್ಲಿ ಇಂಥವೂ ಇರುತ್ತವೆ. ಹೀಗೆ ಪೆಟ್ಟಿಗೆಯಲ್ಲಿ ದಾನವಾಗಿ ಬಿದ್ದುದು ಹಡಗನ್ನು ಹತ್ತುವಾಗ ಸರಕಾಗಿರುತ್ತದೆ. ಬಡವನ ಮನೆಯ ಬಾಗಿಲಿಗೆ ಅದನ್ನು ಯಾರೂ ಒಯ್ದು ಕೊಡುವುದಿಲ್ಲ. ಅವನು ಹಣ ತೆತ್ತು ಕೊಳ್ಳುತ್ತಾನೆ.

ಈ ಸರಕು ಇಳಿಯುವ ಮುಖ್ಯ ಸ್ಥಾನಗಳಲ್ಲಿ ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿ ಅಕ್ರಾ ಒಂದು. ಅಲ್ಲಿಯ ಕಂಟಮಾಂಟೋ ಪೇಟೆಯು ಹಳೆಯ ಬಟ್ಟೆಗಳ ವ್ಯಾಪಾರದಲ್ಲಿ ಜಗತ್ತಿನ ಅತಿ ದೊಡ್ಡ ಪೇಟೆಗಳಲ್ಲೊಂದು. ಸುಮಾರು ೫೫ ಕಿಲೋ ತೂಗುವ ಅಂಡಿಗೆಯನ್ನು ವ್ಯಾಪಾರಿಯು ಬಿಚ್ಚಿ ನೋಡದೆಯೇ ಕೊಳ್ಳಬೇಕು. ಅನೇಕರು ಸಾಲ ತಂದು ಕೊಳ್ಳುತ್ತಾರೆ. ಬಿಚ್ಚಿದಾಗ ಒಳ್ಳೆಯ ಬಟ್ಟೆ ಬಂದರೆ ಸಂಸಾರ ನಡೆಯಿತು; ಹರಿದದ್ದು, ಕಲೆಯಾದದ್ದು, ಆ ಉಷ್ಣದೇಶಕ್ಕೆ ಒಗ್ಗದ ಉಣ್ಣೆಯ ಕೋಟು ಬಂದರೆ ಸಾಲವೇ ಉಳಿಯಿತು. ದೇಶದ ಉತ್ತರ ಭಾಗದಿಂದ ಕೂಲಿಗಾಗಿ ಬಂದ ಹೆಣ್ಣುಮಕ್ಕಳು ಆ ಅಂಡಿಗೆಗಳನ್ನು ತಲೆಯ ಮೇಲೆ ಹೊತ್ತು ಸಾಗಿಸುತ್ತಾರೆ. ಅವರನ್ನು ಅಲ್ಲಿ ಕಾಯಾಯೇ ಎಂದು ಕರೆಯುತ್ತಾರೆ.

ಆ ನಾಡಿನ ಅಕಾನ್ ಭಾಷೆಯಲ್ಲಿ ಈ ಬಟ್ಟೆಗಳಿಗೆ ಒಬ್ರೋನಿ ವಾವು ಎಂಬ ಹೆಸರಿದೆ. ಸತ್ತುಹೋದ ಬಿಳಿಯನ ಬಟ್ಟೆ ಎಂದು ಅದರ ಭಾವ. ಇಷ್ಟು ಗಟ್ಟಿಯಾದ ಬಟ್ಟೆಯನ್ನು ಬದುಕಿರುವವನು ಯಾರು ತಾನೇ ಬಿಟ್ಟಾನು, ಉಟ್ಟವನು ಸತ್ತಿರಲೇಬೇಕು ಎಂಬುದು ಆ ಹೆಸರಿಗೆ ಹೇಳುವ ಕಾರಣ. ವಾಚಕರು ಈ ಮಾತಿನ ಮೇಲೆ ಕ್ಷಣಕಾಲ ಚಿತ್ತವನ್ನು ನಿಲ್ಲಿಸಬೇಕು. ಬಡವನ ನ್ಯಾಯದಲ್ಲಿ ಮನುಷ್ಯನು ಗಟ್ಟಿ ಬಟ್ಟೆಯನ್ನು ಬಿಡುವುದು ದೇಹವನ್ನು ಬಿಟ್ಟಾಗ ಮಾತ್ರ. ನಾವು ಬದುಕಿರುವಾಗಲೇ ಬಿಡುತ್ತೇವೆ. ವೈರಾಗ್ಯ ಬಂದಿದೆಯೆಂದಲ್ಲ, ಪೆಟ್ಟಿಗೆಯಲ್ಲಿ ಹೊಸದಕ್ಕೆ ಜಾಗ ಬೇಕೆಂದು.

ಈ ವ್ಯಾಪಾರವನ್ನು ಕೇವಲ ದೂಷಿಸುವುದು ನ್ಯಾಯವಲ್ಲ. ಅನೇಕಾಂತವನ್ನು ನಂಬಿದವರು ಒಂದೇ ನಯದಿಂದ ನೋಡಬಾರದು. ಕಂಟಮಾಂಟೋದಲ್ಲಿ ಸುಮಾರು ೩೦,೦೦೦ ಜನ ದುಡಿಯುತ್ತಾರೆಂದು ಅಂದಾಜು. ಮಾರುವವರು ಮಾತ್ರವಲ್ಲ, ಹೊಲಿದು ತಿದ್ದುವ ಸಿಂಪಿಗರು, ಬಣ್ಣ ಹಾಕುವವರು, ಒಗೆಯುವವರು, ಇಸ್ತ್ರಿ ಮಾಡುವವರು ಎಲ್ಲರೂ ಅಲ್ಲಿದ್ದಾರೆ. ಒಬ್ಬನಿಗೆ ದೊಗಳೆಯಾದ ಷರಾಯಿಯನ್ನು ಇನ್ನೊಬ್ಬನಿಗೆ ಒಪ್ಪುವಂತೆ ಮಾಡುವ ಅವರ ಕುಶಲತೆ ಸಣ್ಣದಲ್ಲ. ೨೦೨೫ರ ಜನವರಿಯ ಮೊದಲಲ್ಲಿ ಆ ಪೇಟೆಗೆ ಬೆಂಕಿ ಬಿದ್ದು ಬಹುಭಾಗ ಸುಟ್ಟುಹೋದಾಗ ಸಾವಿರಾರು ಕುಟುಂಬಗಳ ಅನ್ನಕ್ಕೇ ಸಂಚಕಾರ ಬಂದಿತು. ಜಾಂಬಿಯಾದಲ್ಲಿ ಈ ಬಟ್ಟೆಗಳಿಗೆ ಸಲೌಲಾ ಎನ್ನುತ್ತಾರೆ. ರಾಶಿಯನ್ನು ಕೆದಕಿ ಆರಿಸಿಕೊಳ್ಳುವುದು ಎಂದು ಅದರ ಅರ್ಥ. ಕೀನ್ಯಾದಲ್ಲಿ ಮಿತುಂಬಾ, ಅಂದರೆ ಗಂಟುಗಳು. ಅಲ್ಲಿಯ ಜನ ಕೈಯೊಡ್ಡಿ ನಿಂತು ಇವನ್ನು ಪಡೆಯುವುದಿಲ್ಲ. ನೋಡಿ, ಮುಟ್ಟಿ, ಬೆಲೆ ಚೌಕಾಸಿ ಮಾಡಿ, ತಮಗೆ ಒಪ್ಪಿದ್ದನ್ನು ತಮ್ಮ ಹಣದಿಂದ ಕೊಳ್ಳುತ್ತಾರೆ. ಸ್ವಲ್ಪ ಹಣದಲ್ಲಿ ಮಾನವಾಗಿ ಉಟ್ಟುಕೊಳ್ಳುತ್ತಾರೆ. ಇದು ಉಪಕಾರ. ಆದರೆ ಈ ಉಪಕಾರದ ಬಹುಪಾಲು ಅವರ ದುಡಿಮೆಯಿಂದ ಆದದ್ದು, ಪೆಟ್ಟಿಗೆಗೆ ಹಾಕಿದವನ ಕರುಣೆಯಿಂದ ಆದದ್ದಲ್ಲ ಎಂಬುದನ್ನು ಮರೆಯಬಾರದು.

ಇನ್ನು ಎರಡನೆಯ ನಯ. ಬಂದ ಬಟ್ಟೆಗಳಲ್ಲಿ ನೂರಕ್ಕೆ ಸುಮಾರು ೪೦ ಪಾಲು ಕಸವಾಗಿ ಹೊರಬೀಳುತ್ತದೆಂದು ಅಲ್ಲಿ ಕೆಲಸ ಮಾಡುವ ಓರ್ ಫೌಂಡೇಶನ್ ಎಂಬ ಸಂಸ್ಥೆ ಅಂದಾಜು ಮಾಡಿದೆ. ಹಳೆಯ ಬಟ್ಟೆಯ ವರ್ತಕರ ಸಂಘ ಇದನ್ನು ಒಪ್ಪುವುದಿಲ್ಲ. ಕಸದ ಪಾಲು ಬಹಳ ಕಡಿಮೆಯೆಂದು ಹೇಳುತ್ತದೆ. ಲೆಕ್ಕ ಯಾವುದೇ ಇರಲಿ, ಅಕ್ರಾದ ಕೋರ್ಲೆ ಲಗೂನಿನ ದಂಡೆಯಲ್ಲಿಯೂ ಸಮುದ್ರತೀರದಲ್ಲಿಯೂ ಬಟ್ಟೆಗಳು ಒಂದಕ್ಕೊಂದು ಹೆಣೆದು ಹಗ್ಗದಂತಾಗಿ ಮರಳಿನಲ್ಲಿ ಹೂತುಕೊಂಡಿರುವುದು ಕಣ್ಣಿಗೆ ಕಾಣುವ ಸಂಗತಿ. ಬೆಸ್ತರ ಬಲೆಗೆ ಮೀನಿನೊಡನೆ ಬಟ್ಟೆಯೂ ಸಿಕ್ಕುತ್ತದೆ. ಇಂದಿನ ಬಟ್ಟೆಗಳಲ್ಲಿ ಪಾಲಿಯೆಸ್ಟರ್ ಹೆಚ್ಚಾದುದರಿಂದ ಅದು ಹತ್ತಿಯಂತೆ ಮಣ್ಣಿನಲ್ಲಿ ಮಣ್ಣಾಗುವುದಿಲ್ಲ. ಅಕ್ರಾದ ಸಮೀಪದ ಕ್ಪೋನೆ ಎಂಬಲ್ಲಿಯ ಕಸದ ಹೊಂಡ ೨೦೧೯ರಲ್ಲಿ ಹೊತ್ತಿ ಉರಿಯಿತು. ನೀರಿನ ಜೀವಿಗಳಿಗೆ, ನೆಲದ ಜೀವಿಗಳಿಗೆ, ಹೊಗೆಯನ್ನು ಕುಡಿದ ಮನುಷ್ಯರಿಗೆ ಆದ ಹಿಂಸೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ನೇಕಾರಿಕೆಯ ಮಾತೂ ಇದೆ. ೨೦೦೮ರಲ್ಲಿ ಗಾರ್ತ್ ಫ್ರೇಜರ್ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದ ಪ್ರಕಾರ, ೧೯೮೧ರಿಂದ ೨೦೦೦ದವರೆಗೆ ಆಫ್ರಿಕದಲ್ಲಿ ಉಡುಪುಗಳ ಉತ್ಪಾದನೆಯಲ್ಲಿ ಆದ ಕುಸಿತದ ಸುಮಾರು ೪೦ ಪಾಲಿಗೂ, ಆ ಉದ್ಯೋಗದಲ್ಲಿದ್ದವರ ಸಂಖ್ಯೆಯಲ್ಲಿ ಆದ ಕುಸಿತದ ಸುಮಾರು ೫೦ ಪಾಲಿಗೂ ಹಳೆಯ ಬಟ್ಟೆಗಳ ಆಮದೇ ಕಾರಣ. ಬೇರೆ ಕಾರಣಗಳೂ ಇದ್ದವು. ಏಷ್ಯದಿಂದ ಬಂದ ಅಗ್ಗದ ಹೊಸ ಬಟ್ಟೆಯೂ ಸಾಲದ ಭಾರವೂ ಸೇರಿದ್ದವು. ಆದರೂ ಒಂದು ಕೈಯಿಂದ ಅಂಗಿ ಕೊಟ್ಟು ಇನ್ನೊಂದು ಕೈಯಿಂದ ಮಗ್ಗವನ್ನು ಕಿತ್ತುಕೊಂಡಂತಾಯಿತೆಂಬ ಶಂಕೆ ಬಾರದಿರದು. ರುವಾಂಡಾ ದೇಶ ತನ್ನ ಹೊಲಿಗೆಯ ಉದ್ಯೋಗ ಉಳಿಯಲೆಂದು ೨೦೧೬ರಲ್ಲಿ ಹಳೆಯ ಬಟ್ಟೆಯ ಮೇಲಿನ ಸುಂಕವನ್ನು ಕಿಲೋ ಒಂದಕ್ಕೆ ೨೦ ಸೆಂಟಿನಿಂದ ಎರಡೂವರೆ ಡಾಲರಿಗೆ ಏರಿಸಿತು. ಹಳೆಯ ಬಟ್ಟೆ ರಫ್ತು ಮಾಡುವ ಅಮೆರಿಕದ ವರ್ತಕರು ತಮ್ಮ ಸರಕಾರಕ್ಕೆ ದೂರಿತ್ತರು. ೨೦೧೮ರಲ್ಲಿ ಅಮೆರಿಕವು ರುವಾಂಡಾದ ಉಡುಪುಗಳಿಗೆ ತಾನು ಕೊಟ್ಟಿದ್ದ ಸುಂಕವಿನಾಯಿತಿಯನ್ನು ತಡೆಹಿಡಿಯಿತು. ದಾನವೆಂದ ಮೇಲೆ ಬೇಡವೆನ್ನುವ ಸ್ವಾತಂತ್ರ್ಯ ಕೊಳ್ಳುವವನಿಗಿರಬೇಕು. ಬೇಡವೆಂದವನಿಗೆ ದಂಡ ವಿಧಿಸುವ ದಾನಿಯನ್ನು ನಾವು ಯಾವ ಪುರಾಣದಲ್ಲಿಯೂ ಕಾಣೆವು.

ಹೀಗೆ ಗುಣದೋಷಗಳೆರಡೂ ಬೆರೆತಿರುವಲ್ಲಿ ವಿವೇಚನೆಗೆ ಅಳತೆಗೋಲು ಯಾವುದು? ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ಆಗುತ್ತದೆಂದು ಸೂತ್ರಕಾರರು ಹೇಳಿದ್ದಾರೆ. ಕೊಡುವ ಕ್ರಮ ಹೇಗಿತ್ತು, ಕೊಟ್ಟ ವಸ್ತು ಎಂಥದು, ಕೊಟ್ಟವನ ಗುಣವೇನು, ಕೊಂಡವನು ಯಾರು ಎಂಬ ನಾಲ್ಕು ಪ್ರಶ್ನೆಗಳು ಇವು. ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿ ಪರವ್ಯಪದೇಶ, ಮಾತ್ಸರ್ಯ, ಕಾಲಾತಿಕ್ರಮ ಎಂಬ ಮೂರು ನಮ್ಮ ಪ್ರಕೃತಕ್ಕೆ ಬಹಳ ಹತ್ತಿರದವು. ತಾನು ಮಾಡಬೇಕಾದುದನ್ನು ಪರರಿಗೆ ವಹಿಸಿಬಿಡುವುದು ಪರವ್ಯಪದೇಶ. ಕೊಡುತ್ತಿದ್ದರೂ ಆದರವಿಲ್ಲದೆ ಕೊಡುವುದು ಮಾತ್ಸರ್ಯ. ಕೊಡತಕ್ಕ ಕಾಲವನ್ನು ಮೀರಿ ಕೊಡುವುದು ಕಾಲಾತಿಕ್ರಮ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನಾದರ, ಅಸ್ಮರಣಗಳನ್ನೂ ಈ ಸಾಲಿನಲ್ಲಿ ಎಣಿಸಿದ್ದಾರೆ. ಆದರವಿಲ್ಲದಿರುವುದೂ ನೆನಪಿಲ್ಲದಿರುವುದೂ ದೋಷವೇ.

ಇವೆಲ್ಲ ಮುನಿಗಳಂಥ ಸುಪಾತ್ರರಿಗೆ ಕೊಡುವಾಗಿನ ನಿಯಮಗಳು, ದೀನದರಿದ್ರರಿಗೆ ಕೊಡುವುದು ದಯಾದತ್ತಿ, ಅಲ್ಲಿ ಇಷ್ಟು ಸೂಕ್ಷ್ಮ ಬೇಡ ಎಂದು ಯಾರಾದರೂ ವಾದಿಸಬಹುದು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿಯನ್ನು ಬೇರೆಯಾಗಿ ಎಣಿಸಿದ್ದು ನಿಜ. ಆದರೆ ಅದಕ್ಕೂ ಮನೋವಾಕ್ಕಾಯಗಳ ಶುದ್ಧಿಯನ್ನು ಅವರು ವಿಧಿಸಿದ್ದಾರೆ. ಜೀವಿಗಳ ಭಯವನ್ನು ಹೋಗಲಾಡಿಸುವುದೇ ಅದರ ಲಕ್ಷಣವೆಂದಿದ್ದಾರೆ. ಭಕ್ತಿಯ ಸ್ಥಾನದಲ್ಲಿ ಕರುಣೆ ಬಂದಿತೇ ಹೊರತು ಎಚ್ಚರದ ಸ್ಥಾನದಲ್ಲಿ ಉದಾಸೀನತೆ ಬರಲಿಲ್ಲ. ಮುನಿಗಳಾದರೋ ಅಯೋಗ್ಯವಾದ ಆಹಾರ ಬಂದರೆ ಅಂತರಾಯವೆಂದು ಕೈಬಿಟ್ಟು ಹೊರಡಬಲ್ಲರು. ಬಡವನಿಗೆ ಆ ಸ್ವಾತಂತ್ರ್ಯ ಕಡಿಮೆ. ಆದುದರಿಂದ ಬಡವನಿಗೆ ಕೊಡುವಾಗ ಎಚ್ಚರ ಹೆಚ್ಚಾಗಿ ಬೇಕು.

ಕಾಲಾತಿಕ್ರಮ ದೋಷಕ್ಕೆ ಔಷಧದಾನದಲ್ಲಿ ಸ್ಪಷ್ಟ ಉದಾಹರಣೆಯಿದೆ. ೧೯೮೮ರ ಡಿಸೆಂಬರಿನಲ್ಲಿ ಆರ್ಮೇನಿಯಾದಲ್ಲಿ ಘೋರ ಭೂಕಂಪವಾಯಿತು. ಜಗತ್ತಿನ ನಾನಾ ದೇಶಗಳಿಂದ ಸುಮಾರು ೫,೦೦೦ ಟನ್ ಔಷಧಗಳೂ ವೈದ್ಯಕೀಯ ಸಾಮಗ್ರಿಗಳೂ ಬಂದವು. ಅವುಗಳಲ್ಲಿ ಕೂಡಲೇ ಬಳಸಲು ಬಂದುದು ನೂರಕ್ಕೆ ಸುಮಾರು ೩೦ ಪಾಲು. ಕೆಲವು ಅವಧಿ ಮೀರಿದ್ದವು. ಕೆಲವು ಅಲ್ಲಿಯವರಿಗೆ ಓದಲು ಬಾರದ ಭಾಷೆಗಳಲ್ಲಿದ್ದವು. ಕೆಲವು ಆ ವಿಪತ್ತಿಗೆ ಸಂಬಂಧವೇ ಇಲ್ಲದವು. ಗಾಯಾಳುಗಳನ್ನು ನೋಡಿಕೊಳ್ಳಬೇಕಾದ ಕೈಗಳು ಪೆಟ್ಟಿಗೆಗಳನ್ನು ವಿಂಗಡಿಸುತ್ತ ಕುಳಿತವು. ಕೊನೆಗೆ ಐದರಲ್ಲೊಂದು ಪಾಲನ್ನು ನಾಶ ಮಾಡಬೇಕಾಯಿತು. ಇಂಥ ಅನುಭವಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ೧೯೯೬ರಲ್ಲಿ ಔಷಧದಾನಕ್ಕೆ ನಿಯಮಗಳನ್ನು ಹೊರಡಿಸಿತು. ಅವುಗಳ ಮೂಲತತ್ತ್ವಗಳು ನಾಲ್ಕು: ಕೊಂಡವನಿಗೆ ಗರಿಷ್ಠ ಪ್ರಯೋಜನವಾಗಬೇಕು; ಅವನ ಇಚ್ಛೆಗೂ ಅಧಿಕಾರಕ್ಕೂ ಮನ್ನಣೆಯಿರಬೇಕು; ಕೊಡುವವನ ದೇಶದಲ್ಲಿ ಸಲ್ಲದ ವಸ್ತು ಕೊಳ್ಳುವವನ ದೇಶದಲ್ಲಿಯೂ ಸಲ್ಲಬಾರದು; ಇಬ್ಬರ ನಡುವೆ ಮೊದಲೇ ಮಾತುಕತೆಯಾಗಿರಬೇಕು. ಪಾತ್ರ, ದಾತೃ, ದ್ರವ್ಯ, ವಿಧಿಗಳೆಂದು ನಮ್ಮ ಬಾಲಕರು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುವ ವಿಷಯವೇ ಬೇರೆ ಮಾತುಗಳಲ್ಲಿ ಅಲ್ಲಿದೆ.

ಕನ್ನಡಕಗಳ ವಿಷಯವೂ ಇಂಥದೇ. ಉಪಯೋಗಿಸಿ ಬಿಟ್ಟ ಕನ್ನಡಕಗಳನ್ನು ಕೂಡಿಸಿ ಬಡದೇಶಗಳಿಗೆ ಕಳುಹಿಸುವ ಪದ್ಧತಿ ಬಹುಕಾಲದಿಂದ ಇದೆ. ೨೦೧೨ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾಗೆ ಬಂದ ಕನ್ನಡಕಗಳನ್ನು ಪರೀಕ್ಷಿಸಿದಾಗ ನೂರಕ್ಕೆ ೭ ಮಾತ್ರ ಬಳಕೆಗೆ ಯೋಗ್ಯವೆಂದು ಕಂಡುಬಂದಿತು. ಒಬ್ಬನ ದೃಷ್ಟಿದೋಷಕ್ಕೆ ಮಾಡಿಸಿದ ಗಾಜು ಇನ್ನೊಬ್ಬನ ಕಣ್ಣಿಗೆ ಹೊಂದುವುದು ಅಪರೂಪ. ಹಳೆಯದನ್ನು ಆರಿಸಿ, ತೊಳೆದು, ಅಳೆದು ಸಾಗಿಸುವ ವೆಚ್ಚಕ್ಕಿಂತ ಹೊಸ ಸಿದ್ಧ ಕನ್ನಡಕವನ್ನು ಅಲ್ಲಿಯೇ ಕೊಡಿಸುವುದು ಅಗ್ಗವೆಂದೂ ತಿಳಿದುಬಂದಿತು. ದಾತೃವಿನ ಏಳು ಗುಣಗಳಲ್ಲಿ ಶ್ರದ್ಧೆ, ಭಕ್ತಿ, ಅಲುಬ್ಧತೆಗಳ ಜೊತೆಗೆ ವಿಜ್ಞಾನವನ್ನೂ ನಮ್ಮ ಆಚಾರ್ಯರು ಏಕೆ ಸೇರಿಸಿದರೆಂಬುದು ಇಲ್ಲಿ ಅರ್ಥವಾಗುತ್ತದೆ. ಅಲ್ಲಿ ವಿಜ್ಞಾನವೆಂದರೆ ಏನನ್ನು, ಯಾರಿಗೆ, ಯಾವಾಗ, ಹೇಗೆ ಕೊಡಬೇಕೆಂಬ ತಿಳಿವಳಿಕೆ.

ಈಗ ಎರಡು ಪೂರ್ವಪಕ್ಷಗಳನ್ನು ಪರಿಶೀಲಿಸೋಣ. ಏನೂ ಇಲ್ಲದವನಿಗೆ ಏನಾದರೂ ಸಿಕ್ಕಿದರೆ ಸಾಲದೇ ಎಂಬುದು ಮೊದಲನೆಯದು. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬ ಲೋಕೋಕ್ತಿಯನ್ನೂ ಇದಕ್ಕೆ ಆಧಾರವಾಗಿ ಹೇಳುತ್ತಾರೆ. ಆದರೆ ಆ ಗಾದೆ ಯಾರಿಗೆ ಹೇಳಿದ್ದು? ಕೊಂಡವನಿಗೆ. ಕೊಂಡವನು ಹಲ್ಲು ನೋಡಬಾರದಾದುದರಿಂದಲೇ ಕೊಡುವವನು ಮೊದಲೇ ನೋಡಿರಬೇಕು. ಹಾಲು ಬತ್ತಿದ ಎಮ್ಮೆಯನ್ನು ದಾನವಿತ್ತರೆ ಬಡವನ ಮನೆಗೆ ಹೋದದ್ದು ಹಾಲಲ್ಲ, ಮೇವಿನ ಖರ್ಚು. ಅಕ್ರಾದ ವ್ಯಾಪಾರಿಯ ಅಂಡಿಗೆಯಲ್ಲಿ ಬಂದ ಹರಕು ಬಟ್ಟೆಯೂ ಅಂಥದೇ. ಅದನ್ನು ಕೊಳ್ಳುವುದಕ್ಕೂ ಅವನೇ ಹಣ ಕೊಟ್ಟಿದ್ದಾನೆ, ಎಸೆಯುವುದಕ್ಕೂ ಅವನ ಊರೇ ಹಣ ಕೊಡಬೇಕು.

ಎರಡನೆಯ ಪೂರ್ವಪಕ್ಷ ಇನ್ನೂ ಗಂಭೀರವಾದುದು. ಧರ್ಮದಲ್ಲಿ ಭಾವವೇ ಪ್ರಧಾನ; ನನ್ನ ಭಾವ ಶುದ್ಧವಾಗಿತ್ತು; ಮುಂದೆ ಏನಾಯಿತೆಂಬುದು ನನ್ನ ಕೈಯಲ್ಲಿಲ್ಲ; ಪುಣ್ಯವಂತೂ ನನಗೆ ಬಂದಿತು ಎಂಬುದು ಈ ವಾದ. ಭಾವ ಪ್ರಧಾನವೆಂಬುದನ್ನು ಅಲ್ಲಗಳೆಯುವವರು ಯಾರು? ಆದರೆ ಭಾವಶುದ್ಧಿಯೊಳಗೆ ಅಪ್ರಮಾದವೂ ಸೇರಿದೆಯೆಂಬುದನ್ನು ಈ ವಾದ ಬಿಟ್ಟುಬಿಡುತ್ತದೆ. ನಮ್ಮ ಶಾಸ್ತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಖ್ಯವಾಗಿ ಹಿಡಿದಿದ್ದಾರೆ. ಈರ್ಯಾಸಮಿತಿಯಿಂದ ನೆಲವನ್ನು ನೋಡುತ್ತ ನಡೆಯುವ ಮುನಿಯ ಪಾದದ ಕೆಳಗೆ ಅಕಸ್ಮಾತ್ತಾಗಿ ಕ್ರಿಮಿಯೊಂದು ಬಂದು ಸತ್ತರೂ ಆತನಿಗೆ ಆ ನಿಮಿತ್ತದಿಂದ ಬಂಧವಿಲ್ಲ. ನೋಡದೆ ನಡೆಯುವವನಿಗೆ ಯಾವ ಕ್ರಿಮಿಯೂ ಸಾಯದಿದ್ದರೂ ದೋಷವುಂಟು. ಇದೇ ನ್ಯಾಯ ದಾನಕ್ಕೂ ಸಲ್ಲುತ್ತದೆ. ವಿಚಾರಿಸಿ, ಕೇಳಿ, ಯೋಗ್ಯವಾದುದನ್ನು ಯೋಗ್ಯಕಾಲದಲ್ಲಿ ಕಳುಹಿಸಿದವನ ವಸ್ತು ದಾರಿಯಲ್ಲಿ ಕೆಟ್ಟರೆ ಅವನು ದೋಷಿಯಲ್ಲ. ಏನನ್ನೂ ವಿಚಾರಿಸದೆ ಪೆಟ್ಟಿಗೆಗೆ ಹಾಕಿ ಮರೆತವನ ವಸ್ತು ದೈವವಶಾತ್ ಒಬ್ಬನಿಗೆ ಉಪಯೋಗಕ್ಕೆ ಬಂದರೂ, ಆ ಉಪಯೋಗದ ಶ್ರೇಯಸ್ಸನ್ನು ಅವನು ಹೇಳಿಕೊಳ್ಳಲಾರನು. ಭಾವ ಶುದ್ಧವಾಗಿತ್ತೆನ್ನುವವನು ತನ್ನನ್ನೇ ಕೇಳಿಕೊಳ್ಳಬೇಕು: ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿದ್ದುದು ಘಾನಾದ ಬಡವನೋ, ನನ್ನ ಮನೆಯ ತುಂಬಿದ ಕಪಾಟೋ?

ಹಾಗಾದರೆ ಆ ಕ್ರಿಯೆಗೆ ಹೆಸರೇನು? ಶಾಸ್ತ್ರದಲ್ಲಿಯೇ ಹೆಸರಿದೆ. ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗಸಮಿತಿ. ತನಗೆ ಬೇಡವಾದುದನ್ನು ವಿಸರ್ಜಿಸುವಾಗ ನೆಲವನ್ನು ಚೆನ್ನಾಗಿ ನೋಡಿ, ಜೀವಬಾಧೆಯಾಗದ ಸ್ಥಳದಲ್ಲಿ, ಪರರಿಗೆ ಉಪದ್ರವವಾಗದಂತೆ ವಿಸರ್ಜಿಸಬೇಕೆಂಬುದು ಅದರ ತಾತ್ಪರ್ಯ. ಬೇಡವಾದ ವಸ್ತುವನ್ನು ಮನೆಯಿಂದ ಹೊರಹಾಕುವುದು ತಪ್ಪಲ್ಲ. ಪ್ರತಿಯೊಂದು ಮನೆಗೂ ಅದು ಅನಿವಾರ್ಯ. ಆದರೆ ಅದು ಉತ್ಸರ್ಗ. ಉತ್ಸರ್ಗವೆಂದು ತಿಳಿದು ಮಾಡಿದರೆ ಅದು ಎಲ್ಲಿ ಬಿದ್ದೀತೆಂದು ನೋಡುವ ಎಚ್ಚರ ಬರುತ್ತದೆ. ದಾನವೆಂದು ಹೆಸರಿಟ್ಟರೆ ಆ ಎಚ್ಚರ ಹೋಗಿ ಅದರ ಸ್ಥಾನದಲ್ಲಿ ತೃಪ್ತಿ ಬಂದು ಕೂಡುತ್ತದೆ. ಕಸವನ್ನು ಕಸವೆಂದು ಕರೆಯುವುದು ಸತ್ಯವ್ರತದ ಒಂದು ಸಣ್ಣ ಭಾಗ. ಪರದೇಶದ ಕಡಲತೀರವು ನಮ್ಮ ಉತ್ಸರ್ಗಸ್ಥಳವಾಗುವುದು ದಾನವೆಂಬ ಹೆಸರಿನ ಮರೆಯಲ್ಲಿಯೇ.

ಪರದೇಶದ ಬಡವರಿಗೆ ವಸ್ತುಗಳನ್ನು ಕೊಡುವುದೇ ವ್ಯರ್ಥವೆಂದು ಇದರಿಂದ ತೀರ್ಮಾನಿಸಬಾರದು. ನಾಲ್ಕು ವಿಶೇಷಗಳೂ ಕೂಡಿದಲ್ಲಿ ವಸ್ತುದಾನದಿಂದ ಮಹದುಪಕಾರವಾದ ನಿದರ್ಶನಗಳಿವೆ. ಆಫ್ರಿಕದಲ್ಲಿಯೂ ಅಮೆರಿಕ ಖಂಡದ ಕೆಲವೆಡೆಗಳಲ್ಲಿಯೂ ವೇಗವಾಗಿ ಹರಿಯುವ ನದಿಗಳ ದಂಡೆಯ ಕಪ್ಪು ನೊಣಗಳಿಂದ ಹರಡುವ ಒಂದು ಕುರುಡುರೋಗವಿದೆ. ಅದರ ಭಯದಿಂದ ಜನರು ಫಲವತ್ತಾದ ನದೀತೀರಗಳನ್ನೇ ಬಿಟ್ಟುಹೋಗಿದ್ದರು. ಐವರ್ಮೆಕ್ಟಿನ್ ಎಂಬ ಗುಳಿಗೆ ಅದಕ್ಕೆ ತಕ್ಕ ಔಷಧ. ಆದರೆ ಆ ಜನರಿಗೆ ಕೊಳ್ಳುವ ಶಕ್ತಿಯಿರಲಿಲ್ಲ. ೧೯೮೭ರಲ್ಲಿ ಅದನ್ನು ತಯಾರಿಸುವ ಮರ್ಕ್ ಕಂಪನಿಯು ಬೇಕಾದಷ್ಟನ್ನು, ಬೇಕಾದಷ್ಟು ಕಾಲ, ಬೆಲೆಯಿಲ್ಲದೆ ಕೊಡುವೆವೆಂದು ಸಾರಿತು. ಹಳ್ಳಿಯ ಜನರೇ ತಮ್ಮಲ್ಲೊಬ್ಬರನ್ನು ಆರಿಸಿ ಹಂಚುವ ಕೆಲಸಕ್ಕೆ ನೇಮಿಸಿಕೊಂಡರು. ತಕ್ಕಡಿಯಿಲ್ಲದ ಊರುಗಳಲ್ಲಿ ಗುರುತು ಮಾಡಿದ ಕೋಲಿನಿಂದ ಎತ್ತರವನ್ನು ಅಳೆದು ಎಷ್ಟು ಗುಳಿಗೆಯೆಂದು ನಿರ್ಧರಿಸಿದರು. ಕೊಲಂಬಿಯಾ ೨೦೧೩ರಲ್ಲಿ, ಈಕ್ವಡಾರ್ ೨೦೧೪ರಲ್ಲಿ, ಮೆಕ್ಸಿಕೋ ೨೦೧೫ರಲ್ಲಿ, ಗ್ವಾಟೆಮಾಲಾ ೨೦೧೬ರಲ್ಲಿ ಆ ರೋಗದಿಂದ ಮುಕ್ತವಾದವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ೨೦೨೫ರ ಜನವರಿಯಲ್ಲಿ ನೈಜರ್ ಆಫ್ರಿಕದಲ್ಲಿಯೇ ಮೊದಲನೆಯದಾಗಿ ಆ ಸಾಲಿಗೆ ಸೇರಿತು. ಕಂಪನಿಯ ಅಂತರಂಗವನ್ನು ಅಳೆಯುವುದು ನಮ್ಮ ಕೆಲಸವಲ್ಲ. ಕೊಟ್ಟದ್ದು ಉಳಿಕೆಯಲ್ಲ, ಬೇಕಾಗಿದ್ದ ವಸ್ತು. ಒಂದು ದಿನ ಕೊಟ್ಟು ಮರೆಯಲಿಲ್ಲ, ಅಸ್ಮರಣ ದೋಷವಿಲ್ಲದೆ ದಶಕಗಳ ಕಾಲ ಕೊಟ್ಟರು. ಇಷ್ಟನ್ನು ನಾವು ಗ್ರಹಿಸಿದರೆ ಸಾಕು.

ಇನ್ನೊಂದು ನಿದರ್ಶನ ನಮ್ಮ ದೇಶದ್ದು. ಜಯಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಡಾ. ಪಿ. ಕೆ. ಸೇಠಿಯವರೂ ಸೇರಿ ೧೯೬೦ರ ದಶಕದ ಕೊನೆಯಲ್ಲಿ ರೂಪಿಸಿದ ಕೃತಕ ಪಾದವು ಜಯಪುರ ಪಾದವೆಂದು ಪ್ರಸಿದ್ಧವಾಗಿದೆ. ೧೯೭೫ರಲ್ಲಿ ಡಿ. ಆರ್. ಮೆಹತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂ‌ಗ ಸಹಾಯತಾ ಸಮಿತಿ ಇದನ್ನು ಉಚಿತವಾಗಿ ಕೊಡುತ್ತ ಬಂದಿದೆ. ಆಫ್ಘಾನಿಸ್ಥಾನ ಮೊದಲಾದ ಅನೇಕ ದೇಶಗಳಲ್ಲಿ ಶಿಬಿರಗಳನ್ನು ನಡೆಸಿದೆ. ಪಶ್ಚಿಮದ ಕೃತಕ ಪಾದಗಳನ್ನು ಬೂಟಿನೊಳಗೆ ಇಡಲೆಂದು ಮಾಡಿದ್ದರು. ಇದನ್ನಾದರೋ ಬರಿಗಾಲಿನಲ್ಲಿ ಕೆಸರು ಗದ್ದೆಯಲ್ಲಿ ನಡೆಯುವವನಿಗಾಗಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವವನಿಗಾಗಿ ಮಾಡಿದರು. ಈ ದಾನವನ್ನು ಕಾಲಿಲ್ಲದವನು ಎದುರಿಗೆ ಕುಳಿತಿಲ್ಲದೆ ಕೊಡಲಾಗುವುದಿಲ್ಲ. ಅವನ ಅವಯವವನ್ನು ಮುಟ್ಟಿ, ಅಳತೆ ತೆಗೆದು, ತೊಡಿಸಿ, ನಡೆಸಿ ನೋಡಿ, ನೋವಾದರೆ ತಿದ್ದಬೇಕು. ಕೊಡುವವನು ನೆಲದ ಮೇಲೆ ಬಾಗದೆ ಈ ದಾನವಾಗದು.

ಕಡೆಯದಾಗಿ ಮೂಲಕ್ಕೆ ಬರೋಣ. ಇಷ್ಟೊಂದು ಬಟ್ಟೆ ಬಿಡಲು ನಮ್ಮಲ್ಲಿ ಬಂದುದಾದರೂ ಹೇಗೆ? ಉಪವಾಸ ಮಾಡಿ ಪಾರಣೆಯ ದಿನ ಎರಡರಷ್ಟು ಉಂಡವನಿಗೆ ತಪಸ್ಸಿನ ಫಲವಿಲ್ಲವೆಂದು ನಾವೆಲ್ಲ ಬಲ್ಲೆವು. ಕಪಾಟನ್ನು ಖಾಲಿ ಮಾಡಿ ಮರುದಿನವೇ ತುಂಬುವವನ ತ್ಯಾಗವೂ ಅಂಥದೇ. ಉತ್ತಮ ತ್ಯಾಗದ ಮರುದಿನವೇ ಉತ್ತಮ ಆಕಿಂಚನ್ಯವನ್ನು ಇಟ್ಟಿರುವುದು ನಿಷ್ಕಾರಣವಲ್ಲ. ನನ್ನದು ಎಂಬ ಭಾವ ಕಡಿಮೆಯಾಗದೆ ನನ್ನದನ್ನು ಬಿಟ್ಟೆನೆಂಬ ಮಾತಿಗೆ ಅರ್ಥವಿಲ್ಲ. ಅಕ್ರಾದ ತೀರಕ್ಕೆ ನಮ್ಮಿಂದ ಆಗಬಹುದಾದ ಮೊದಲ ಉಪಕಾರವೆಂದರೆ ಭೋಗೋಪಭೋಗ ಪರಿಮಾಣ ವ್ರತ; ಕೊಳ್ಳುವ ಅಂಗಡಿಯಲ್ಲಿಯೇ ಅದರ ಆಚರಣೆ ಆರಂಭವಾಗಬೇಕು.

ವ್ರತವೆಂದರೆ ಸಂಖ್ಯೆಯಿಂದ ಗೊತ್ತುಮಾಡಿದ ಮಿತಿ. ಆದುದರಿಂದ ಬರುವ ಚಾತುರ್ಮಾಸ್ಯಕ್ಕೆ ಕೆಲವು ನಿಯಮಗಳನ್ನು ಶ್ರಾವಕ ಶ್ರಾವಿಕೆಯರ ಮುಂದೆ ಇಡುತ್ತೇನೆ. ಮನೆಯಲ್ಲಿ ಒಬ್ಬೊಬ್ಬರಿಗೆ ಎಷ್ಟು ಉಡುಪುಗಳೆಂದು ಎಣಿಸಿ ನಿಶ್ಚಯಿಸಿ, ಆ ನಾಲ್ಕು ತಿಂಗಳು ಅದನ್ನು ಮೀರದಿರಲಿ. ಕೊಡುವ ಬಟ್ಟೆಯನ್ನು ಒಗೆದು, ಹೊಲಿದು, ಬೇಕೇ ಎಂದು ಕೇಳಿ, ಗುರುತಿನವರಿಗೆ ಕೈಯಾರೆ ಕೊಡಲಿ. ದೂರದೇಶದಲ್ಲಿ ವಿಪತ್ತು ಬಂದಾಗ, ಅಲ್ಲಿ ಕೆಲಸ ಮಾಡುತ್ತಿರುವವರು ಇಂಥದೇ ವಸ್ತು ಬೇಕೆಂದು ಕೇಳಿದ ಹೊರತು ವಸ್ತುಗಳನ್ನು ಕಳುಹಿಸದೆ ಹಣವನ್ನು ಕಳುಹಿಸಲಿ. ಹಣವಿದ್ದರೆ ಅವರು ಅಲ್ಲಿಯ ಅಂಗಡಿಯಿಂದಲೇ ಕೊಂಡಾರು, ಅಲ್ಲಿಯ ವ್ಯಾಪಾರಿಯೂ ಬದುಕಿಯಾನು. ಬಳಸಿ ಉಳಿದ ಔಷಧವನ್ನು ಎಂದಿಗೂ ದಾನ ಮಾಡದಿರಲಿ. ಇವೆಲ್ಲ ಮುಗಿದ ಮೇಲೂ ಉಳಿದ ಹರಕನ್ನು ನೆಲ ಒರೆಸುವುದಕ್ಕೋ ಪಾತ್ರೆ ಹಿಡಿಯುವುದಕ್ಕೋ ಬಳಸಿ, ಕೊನೆಗೆ ಉತ್ಸರ್ಗವೆಂದೇ ತಿಳಿದು ಎಚ್ಚರದಿಂದ ವಿಸರ್ಜಿಸಲಿ. ಪರದೇಶದಲ್ಲಿರುವ ಮಕ್ಕಳಿಗೆ ಪತ್ರ ಬರೆಯುವಾಗಲೋ ಫೋನಿನಲ್ಲಿ ಮಾತಾಡುವಾಗಲೋ ಈ ವಿಷಯವನ್ನು ಹಿರಿಯರು ಪ್ರಸ್ತಾಪಿಸಲಿ.

ಇದರಿಂದ ನಾವು ಕೊಡುವ ವಸ್ತುಗಳ ರಾಶಿ ಚಿಕ್ಕದಾದೀತು. ಅದಕ್ಕಾಗಿ ಚಿಂತಿಸಬೇಕಾಗಿಲ್ಲ. ಕೊಂಡವನು ಎಸೆಯದೆ ಇಟ್ಟುಕೊಂಡಷ್ಟೇ ನಾವು ಕೊಟ್ಟದ್ದು.